ಪಂಪು ಹೊತ್ತವನ ಬೆನ್ನು

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಚಳ್ಳಕೆರೆ ಕಡೆಯ ನಮ್ಮೂರಿನಿಂದ ಹೈದರಾಬಾದಿನ ಮನೆಗೆ ಒಂದು ಚೀಲ ಶೇಂಗಾ ಬರುತ್ತದೆ. ಹೊಲ ಇನ್ನೂ ಭಾಗವಾಗಿಲ್ಲ. ಉಳುವವನು ತಮ್ಮ, ಪಾಲು ಇಬ್ಬರಿಗೂ. ಚೀಲದ ಹಿಂದೆಯೇ ಒಂದಿಷ್ಟು ದುಡ್ಡೂ ಬರುತ್ತದೆ. ಎರಡನ್ನೂ ಇಷ್ಟು ವರ್ಷ ಯೋಚನೆ ಮಾಡದೆ ತೆಗೆದುಕೊಂಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಹೊಲಕ್ಕೆ ಔಷಧಿ ಹೊಡೆಯುತ್ತಿದ್ದರು. ಕೂಲಿಗೆ ಬಂದ ಹುಡುಗ ಪುಡಿಯನ್ನು ಬಕೆಟ್ಟಿನಲ್ಲಿ ಬರಿಗೈಯಲ್ಲೇ ಕಲಸಿದ. ಬೆನ್ನಿಗೆ ಪಂಪು ಏರಿಸಿ, ಮುಖಕ್ಕೆ ಟವೆಲ್ ಸುತ್ತಿ, ಬರಿಗಾಲಲ್ಲಿ ಸಾಲು ಹಿಡಿದು ನಡೆದ. ರಾತ್ರಿ ಊಟಕ್ಕೆ ಕೂತಾಗ ಕೇಳಿದೆ: "ಇದನ್ನೆಲ್ಲ ಯಾಕೋ ಹೊಡೆಸ್ತೀಯ? ವಿಷ ಅಲ್ವಾ?"

ತಮ್ಮ ತಲೆ ಎತ್ತಲಿಲ್ಲ. "ಅಣ್ಣ, ನಿನಗೆ ತಿಂಗಳಾದ್ರೆ ಸಂಬಳ ಬರುತ್ತೆ. ನಮಗೆ ಎಲೆ ಉದುರಿದ್ರೆ ವರ್ಷವೇ ಹೋಗುತ್ತೆ."

ಅವನ ಮಾತು ಸುಳ್ಳಲ್ಲ. ಎಲೆಚುಕ್ಕೆ ರೋಗ ಜೋರಾದರೆ ಅರ್ಧ ಇಳುವರಿಯೇ ಹೋಗಬಹುದು, ದನಕ್ಕೆ ಹೊಟ್ಟೂ ಸಿಗುವುದಿಲ್ಲ. ರಾಸಾಯನಿಕವೆಲ್ಲ ಕೆಟ್ಟದ್ದು, ಪ್ರಕೃತಿಯದ್ದೆಲ್ಲ ಒಳ್ಳೆಯದು ಎಂಬ ನಗರದ ಲೆಕ್ಕವೂ ಇಲ್ಲಿ ಕೂಡುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು. ಯಕೃತ್ತಿಗೆ ಕ್ಯಾನ್ಸರ್ ತರುವ ಅಫ್ಲಾಟಾಕ್ಸಿನ್ ಪತ್ತೆಯಾದದ್ದು ಹಾಗೆ. ಅದನ್ನು ಮಾಡಿದ್ದು ಕಾರ್ಖಾನೆಯಲ್ಲ, ಮಣ್ಣಿನ ಶಿಲೀಂಧ್ರ.

ಹಾಗೆಂದು ಔಷಧಿಯೂ ಮುಗ್ಧವಲ್ಲ. ನಮ್ಮ ಕಡೆ ಎಲೆಚುಕ್ಕೆಗೆ ಹೊಡೆಯುವ ಮ್ಯಾಂಕೋಜೆಬ್‌ಗೆ ಪರವಾನಗಿ ಮುಂದುವರಿಸುವುದಿಲ್ಲ ಎಂದು ಯುರೋಪ್ ಒಕ್ಕೂಟ 2020ರಲ್ಲೇ ತೀರ್ಮಾನಿಸಿತು. ಆದ್ದರಿಂದ ವಿಷ ಬೇಕೋ ಬೇಡವೋ ಎನ್ನುವುದಷ್ಟೇ ಪ್ರಶ್ನೆಯಲ್ಲ. ಲಾಭ ಯಾರಿಗೆ, ಉಸಿರು ಯಾರದ್ದು ಎನ್ನುವುದೂ ಪ್ರಶ್ನೆ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ. ಬುಡ ಕೊಳೆಸುವ ರೋಗವನ್ನೇ ನೋಡಿ. ಕಾಂಡದ ಬುಡದಲ್ಲಿ ಹತ್ತಿಯಂಥ ಬಿಳಿ ಎಳೆ, ಅದರ ಮೇಲೆ ಸಾಸಿವೆ ಕಾಳಿನಂಥ ಉಂಡೆಗಳು. ಆ ಉಂಡೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಎಲೆಯ ಮೇಲೆ ಹೊಡೆದ ಮ್ಯಾಂಕೋಜೆಬ್ ಅವುಗಳ ತನಕ ಇಳಿಯುವುದಿಲ್ಲ. ಬಿತ್ತುವ ಮುಂಚೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಬೇಕು, ಹೊಲಕ್ಕೆ ಜೋಳವನ್ನೋ ಸಜ್ಜೆಯನ್ನೋ ಹಾಕಿ ಬೆಳೆ ಬದಲಿಸಬೇಕು. ಎಲೆಚುಕ್ಕೆ, ತುಕ್ಕು ಎರಡನ್ನೂ ತಡೆಯುವ ಜಿಪಿಬಿಡಿ-4 ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಇವೆಲ್ಲ ಮಾಡಿದರೆ ಪಂಪು ಪೂರ್ತಿ ಮೂಲೆಗೆ ಸೇರದಿದ್ದರೂ ಬೆನ್ನಿಗೇರುವ ಸರದಿ ಕಡಿಮೆಯಾದೀತು.

ಇದು ತಮ್ಮನಿಗೆ ಗೊತ್ತಿಲ್ಲವೆ? ನನಗಿಂತ ಚೆನ್ನಾಗಿ ಗೊತ್ತು. ಮತ್ತೆ ಯಾಕೆ ಅದೇ ಹೊಲಕ್ಕೆ ವರ್ಷವರ್ಷವೂ ಶೇಂಗಾ? ಜೋಳದ ದುಡ್ಡು ಒಂದು ಮನೆಗೆ ಸಾಲಬಹುದು, ಎರಡು ಪಾಲಿಗೆ ಸಾಲದು. ಈ ಲೆಕ್ಕ ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ. "ವಿಷ ಅಲ್ವಾ" ಎಂದು ಕೇಳಿದವನ ಪಾಲೇ ಆ ಹುಡುಗನ ಬೆನ್ನಿಗೆ ಪಂಪು ಏರಿಸಿತ್ತು. ಊರು ಬಿಟ್ಟವರು ಊರಿಗೆ ಬುದ್ಧಿ ಹೇಳುವುದು ಸುಲಭ. ಆ ಬುದ್ಧಿಮಾತಿಗೆ ತಗಲುವ ಖರ್ಚನ್ನು ನಾವು ಹೊರುತ್ತೇವೆಯೆ ಎಂದು ಕೇಳಿಕೊಂಡ ಮೇಲಷ್ಟೇ ಅದಕ್ಕೊಂದು ನೈತಿಕ ಬೆಲೆ ಬಂದೀತು.

ಯುಗಾದಿಗೆ ಫೋನ್ ಮಾಡಿದಾಗ ಹೇಳಿದೆ: "ಈ ವರ್ಷ ನನ್ನ ಪಾಲು ಬೇಡ ಕಣೋ. ಅರ್ಧ ಹೊಲಕ್ಕೆ ಜೋಳ ಹಾಕು. ಕೈಗವಸು, ಮಾಸ್ಕು, ಬೂಟು ತಗೊ." ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಳೆ ನೋಡ್ಕೊಂಡು ಹೇಳ್ತೀನಣ್ಣ" ಎಂದ.

ಒಂದು ವರ್ಷದ ಪಾಲು ಬಿಟ್ಟರೆ ಋಣ ತೀರುತ್ತದೆ ಎಂಬ ಭ್ರಮೆ ನನಗಿಲ್ಲ. ಪಂಪು ಹೊರುವ ಆ ಹುಡುಗನನ್ನು ನಾವಿಬ್ಬರೂ ಇನ್ನೂ ಏನೂ ಕೇಳಿಲ್ಲ.