ಮೊದಲು ಸೋತದ್ದು ಯಾರನ್ನು?

ರಮ್ಮಿಯಲ್ಲಿ ಕಳೆದದ್ದನ್ನು ರಮ್ಮಿಯಲ್ಲೇ ಗಳಿಸುತ್ತೇನೆಂದು ಹೆಂಡತಿಯ ಅವಲಕ್ಕಿ ಸರ ಅಡವಿಟ್ಟೆ. ಕೇಳಿದಾಗ ಪಾಲಿಶ್‌ಗೆ ಕೊಟ್ಟಿದ್ದೇನೆ ಎಂದೆ. ಇನ್ನು ಆಡುವುದಿಲ್ಲವೆಂದು ಮನೆದೇವರ ಮುಂದೆ ಆಣೆಯಿಟ್ಟ ರಾತ್ರಿಯೇ ಮತ್ತೆ ಮೊಬೈಲ್ ಹಿಡಿದೆ. ಸಾಲ, ಸುಳ್ಳು, ಆಡದಿದ್ದರೆ ಸಿಡುಕು, ಜೂಜಿನ ಚಟವೆಂಬ ರೋಗದ ಈ ಗುರುತುಗಳೆಲ್ಲ ನನ್ನಲ್ಲಿದ್ದವು.

ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿ ಕೇಳುತ್ತಾಳೆ: ಜೂಜಿನಲ್ಲಿ ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಭೀಷ್ಮರಿಗೂ ಅದನ್ನು ಬಿಡಿಸಲಾಗಲಿಲ್ಲ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಸರಕ್ಕಿಂತ ಮೊದಲು ನನ್ನನ್ನೇ ಸೋತಿದ್ದೆ. ತನ್ನನ್ನೇ ಸೋತವನ ಆಣೆಗೆ ಬಲವೆಲ್ಲಿಯದು?

ಹಾಗೆಂದು ಹೊಣೆ ತಪ್ಪುವುದಿಲ್ಲ. ನೆರವು ಕೇಳುವುದೇ ಸೋತವನಿಗೆ ಉಳಿದಿರುವ ಧರ್ಮ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದೆ; ಕನ್ನಡದಲ್ಲೇ ಮಾತಾಡಿಸಿದರು. ಮರುವಾರ ಹೆಂಡತಿಯೊಂದಿಗೆ ವೈದ್ಯರ ಮುಂದೆ ಕುಳಿತು, ಸರ ಎಲ್ಲಿದೆಯೆಂದು ನಿಜ ಹೇಳಿದೆ. ನನ್ನ ಪಾಲಿಗೆ ಸೋಲೊಪ್ಪುವ ಶರಣಾಗತಿ ಶುರುವಾದದ್ದು ಅಲ್ಲಿ.