ಕನಸು, ಪಯಣ ಮತ್ತು ಕಾಳಲಾದೇವಿಯ ವ್ರತ

ವ್ರತಸ್ಥನಾದ ಶ್ರಾವಕನು ಕನಸು ಕಾಣಬಹುದೆ? ಇದು ನಿದ್ರೆಯಲ್ಲಿ ಬರುವ ಕನಸಿನ ಮಾತಲ್ಲ. ಬಾಳಿನಲ್ಲಿ ಇಂಥದೊಂದನ್ನು ಪಡೆಯಬೇಕು, ಇಂಥದೊಂದನ್ನು ಕಣ್ಣಾರೆ ಕಾಣಬೇಕು ಎಂದು ಮನುಷ್ಯನು ಎಚ್ಚರದಲ್ಲಿಯೇ ಕಟ್ಟಿಕೊಳ್ಳುವ ಹಂಬಲದ ಮಾತು. ಮುಂಜಾವದಲ್ಲಿ ಏಳು, ನಾಲ್ಕು ನಾಡು ಸುತ್ತಿ ಬಾ, ಕನಸನ್ನು ಸಾಧಿಸುವ ಉತ್ಸಾಹ ತಾನಾಗಿಯೇ ಮೂಡುತ್ತದೆ ಎಂದು ಇಂದಿನ ತರುಣರಿಗೆ ಎಲ್ಲ ದಿಕ್ಕಿನಿಂದಲೂ ಬೋಧನೆಯಾಗುತ್ತಿದೆ. ಬೋಧನೆ ಕೆಟ್ಟದ್ದೇನೂ ಅಲ್ಲ. ಆದರೆ ನಮ್ಮ ಶ್ರಾವಕಾಚಾರ ಗ್ರಂಥಗಳನ್ನು ಬಿಚ್ಚಿ ನೋಡಿದರೆ ಬಯಕೆಗೆ ಪರಿಗ್ರಹಪರಿಮಾಣವೆಂಬ ಅಣುವ್ರತದ ಕಟ್ಟಿದೆ. ಸಂಚಾರಕ್ಕೆ ದಿಗ್ವ್ರತ, ದೇಶವ್ರತಗಳ ಕಟ್ಟಿದೆ. ಹಾಗಾದರೆ ಜೈನನಾದವನಿಗೆ ದೂರದ ಹಂಬಲವೂ ದೂರದ ಪಯಣವೂ ವರ್ಜ್ಯವೇ ಎಂಬ ಶಂಕೆ ಏಳುವುದು ಸಹಜ.

ದಿಗ್ವ್ರತವೆಂದರೆ ಹತ್ತು ದಿಕ್ಕುಗಳಲ್ಲಿಯೂ ಇಂಥ ನದಿಯವರೆಗೆ, ಇಂಥ ಪರ್ವತದವರೆಗೆ, ಇಷ್ಟು ಯೋಜನದವರೆಗೆ ಮಾತ್ರ ಹೋಗುವೆನೆಂದು ಜೀವಾವಧಿ ಎಲ್ಲೆಯನ್ನು ಹಾಕಿಕೊಳ್ಳುವುದು. ದೇಶವ್ರತವು ಆ ಎಲ್ಲೆಯೊಳಗೆ ಮತ್ತೊಂದು ಎಲ್ಲೆ. ಇಂದು ಈ ಊರು, ಈ ಹೊಲ, ಈ ಬೀದಿ ದಾಟೆನೆಂದು ಕಾಲವನ್ನು ಗೊತ್ತುಮಾಡಿಕೊಂಡು ಬೆಳಗಿನಲ್ಲಿ ಮಾಡುವ ಸಂಕಲ್ಪ. ದಿಗ್ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯದು ಸ್ಮೃತ್ಯಂತರಾಧಾನ, ಅಂದರೆ ತಾನೇ ಹಾಕಿಕೊಂಡ ಎಲ್ಲೆಯನ್ನು ಮರೆಯುವುದು. ಎಲ್ಲೆಯನ್ನು ದಾಟುವುದು ಮಾತ್ರವಲ್ಲ, ಅದು ಎಲ್ಲಿತ್ತೆಂಬುದನ್ನು ಮರೆಯುವುದೂ ದೋಷವೇ. ಆದುದರಿಂದಲೇ ನಿತ್ಯವೂ ಸಂಕಲ್ಪವನ್ನು ನೆನಪಿಗೆ ತಂದುಕೊಳ್ಳುವ ಹೊತ್ತೊಂದು ಬೇಕಾಯಿತು. ಪ್ರಾತಃಕಾಲದ ಸಾಮಾಯಿಕಕ್ಕೆ ಇದೂ ಒಂದು ಪ್ರಯೋಜನ.

ಮುನಿಗಳ ವಿಷಯದಲ್ಲಿ ಬೆಳಗಿನ ಅರ್ಥ ಇನ್ನೂ ಸ್ಪಷ್ಟ. ಅವರಿಗೆ ಈರ್ಯಾಸಮಿತಿ ವಿಧಿಸಿದೆ. ಸೂರ್ಯನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು, ಯಾವ ಜೀವಿಯೂ ಕಾಲಿಗೆ ಸಿಗದಂತೆ ನಡೆಯಬೇಕು. ಕವಿಗೆ ಅರುಣೋದಯವು ಕೆಂಪಾಗಿಯೋ ಹೊನ್ನಾಗಿಯೋ ಕಾಣಲಿ; ಮುನಿಗೆ ಅದು ಇರುವೆ ಕಣ್ಣಿಗೆ ಬೀಳುವ ಹೊತ್ತು. ಎಷ್ಟೇ ದೂರದ ವಿಹಾರವಾದರೂ ಅವರು ನೋಡುವುದು ನಾಲ್ಕು ಮೊಳದ ನೆಲವನ್ನು.

ಇನ್ನು ಕನಸಿನ ವಿಷಯ. ಕನಸು, ಪಯಣ, ಬೆಳಗು ಈ ಮೂರೂ ಒಂದೇ ಕಡೆ ಕೂಡಿರುವ ಕಥೆ ಶ್ರವಣಬೆಳಗೊಳದ್ದು. ಗಂಗರ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನ ತಾಯಿ ಕಾಳಲಾದೇವಿ, ಪೌದನಪುರದಲ್ಲಿ ಭರತ ಚಕ್ರವರ್ತಿ ನಿಲ್ಲಿಸಿದ ಬಾಹುಬಲಿಯ ಬಿಂಬವನ್ನು ಕೇಳಿ, ಅದರ ದರ್ಶನವಾಗುವವರೆಗೆ ಹಾಲನ್ನು ಮುಟ್ಟೆನೆಂದು ವ್ರತ ಹಿಡಿದಳು. ಮಗನು ತಾಯಿಯನ್ನು ಕರೆದುಕೊಂಡು ಹೊರಟನು. ನಡುದಾರಿಯಲ್ಲಿ ಬೆಳಗೊಳದಲ್ಲಿ ತಂಗಿದ್ದಾಗ ಕೂಷ್ಮಾಂಡಿನೀ ದೇವಿಯು ಸ್ವಪ್ನದಲ್ಲಿ ಕಾಣಿಸಿಕೊಂಡು, ಪೌದನಪುರದ ಬಿಂಬವು ಕುಕ್ಕುಟಸರ್ಪಗಳಿಂದ ಆವೃತವಾಗಿದೆ, ಅದು ಮನುಷ್ಯರಿಗೆ ಅಗಮ್ಯ; ಬೆಳಗಾಗುತ್ತಲೇ ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಾಣ ಬಿಡು, ಅಲ್ಲಿಯೇ ಸ್ವಾಮಿಯ ದರ್ಶನವಾಗುವುದು ಎಂದಳು. ಆತನು ನಿಂತು ಬಾಣ ಬಿಟ್ಟನೆನ್ನುವ ಬಂಡೆಯನ್ನು ಚಂದ್ರಗಿರಿಯ ಬುಡದಲ್ಲಿ ಇಂದಿಗೂ ತೋರಿಸುತ್ತಾರೆ.

ಈ ಕಥೆಯನ್ನು ಭಕ್ತಿಯಿಂದ ಕೇಳುವವರು ಬಹುಮಂದಿ. ಆದರೆ ಅದರೊಳಗಿನ ತೊಡಕನ್ನು ಗಮನಿಸುವವರು ವಿರಳ. ಕಾಳಲಾದೇವಿಯ ವ್ರತವು ಪೂರ್ಣವಾಯಿತೆ? ಆಕೆ ಬಯಸಿದ್ದು ಪೌದನಪುರದ ಬಾಹುಬಲಿಯನ್ನು. ಕಂಡದ್ದು ಬೆಳಗೊಳದ ಬಾಹುಬಲಿಯನ್ನು. ಪಯಣವು ಗುರಿ ಮುಟ್ಟಲಿಲ್ಲ. ವ್ರತದ ಮಾತನ್ನು ಅಕ್ಷರಶಃ ಹಿಡಿಯುವವನು ಇದನ್ನು ಭಂಗವೆಂದೇ ಎನ್ನಬೇಕಾಗುತ್ತದೆ. ಸ್ವಪ್ನಾದೇಶವಾಯಿತಲ್ಲ ಎಂದರೆ, ತನಗೆ ಅನುಕೂಲವಾದ ಸ್ವಪ್ನ ಯಾರಿಗೆ ಬೀಳದು?

ಇದಕ್ಕೆ ಉತ್ತರ ಹುಡುಕುವವನು ವ್ರತದಲ್ಲಿ ಸೇರಿಕೊಂಡಿರುವ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಆಕೆ ಬಿಟ್ಟದ್ದು ಹಾಲನ್ನು, ಬಯಸಿದ್ದು ದರ್ಶನವನ್ನು. ಬಿಡುವುದು ಆಕೆಯ ಕೈಯಲ್ಲಿತ್ತು. ದರ್ಶನವು ದಾರಿ, ದೇಹ, ಕಾಲ, ಕರ್ಮೋದಯ ಇವುಗಳ ಕೈಯಲ್ಲಿತ್ತು. ಹಾಲು ಷಡ್ರಸಗಳಲ್ಲಿ ಒಂದು. ಅದನ್ನು ತ್ಯಜಿಸುವುದು ರಸಪರಿತ್ಯಾಗವೆಂಬ ಬಾಹ್ಯ ತಪ. ವ್ರತವಿರುವುದು ಆ ತ್ಯಾಗದಲ್ಲಿಯೇ ಹೊರತು ಪೌದನಪುರದಲ್ಲಿ ಅಲ್ಲ. ಬೆಟ್ಟದ ಮೇಲೆ ಯಾವ ಬಿಂಬವೂ ಮೂಡದೆ ಹೋಗಿದ್ದರೆ ಆಕೆ ಜೀವಾವಧಿ ಹಾಲಿಲ್ಲದೆ ಇರಬೇಕಾಗುತ್ತಿತ್ತು, ಅದೂ ಮನಸ್ಸಿನಲ್ಲಿ ನೋವಿಲ್ಲದೆ. ಇದಕ್ಕೆ ಸಿದ್ಧನಲ್ಲದವನು ಹಿಡಿಯುವುದು ವ್ರತವಲ್ಲ, ವ್ಯಾಪಾರ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಿಂದ ಮುಕ್ತನಾದವನೇ ವ್ರತಿ ಎಂದು ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ಆಕೆಯ ದರ್ಶನಾಕಾಂಕ್ಷೆ ಭೋಗದ ನಿದಾನವಲ್ಲ, ಪ್ರಶಸ್ತರಾಗವೇ ಸರಿ. ಆದರೂ ಮುಳ್ಳಾಗಬಲ್ಲದು, ಗುರಿ ಸಿಗದಿದ್ದಾಗ ಚುಚ್ಚತೊಡಗಿದರೆ ಅದು ಮುಳ್ಳೇ.

ಇಲ್ಲಿ ಶಾಸನದ ಸಾಕ್ಷ್ಯವೊಂದು ನೆರವಿಗೆ ಬರುತ್ತದೆ. ಸುಮಾರು 1180ರ ಬೊಪ್ಪಣ ಪಂಡಿತನ ಶಾಸನವು ಬೆಳಗೊಳದಲ್ಲಿಯೇ ಇದೆ. ಭರತನು ಮಾಡಿಸಿದ 525 ಬಿಲ್ಲಿನ ಎತ್ತರದ ಮೂರ್ತಿಯ ವಿಷಯ ಅದರಲ್ಲಿಯೂ ಬರುತ್ತದೆ, ಕುಕ್ಕುಟಸರ್ಪಗಳೂ ಬರುತ್ತವೆ. ಆದರೆ ಅಲ್ಲಿ ಸ್ವಪ್ನವಿಲ್ಲ, ಬಾಣವಿಲ್ಲ. ಚಾವುಂಡರಾಯನು ಅದನ್ನು ನೋಡಬಯಸಿದನು. ಆ ಸ್ಥಳವು ದೂರ, ಅಗಮ್ಯವೆಂದು ಹಿರಿಯರು ಹೇಳಿದರು. ಹಾಗಾದರೆ ಇಲ್ಲಿಯೇ ಅಂಥ ದೇವನನ್ನು ಮಾಡಿಸುವೆನೆಂದು ಮಾಡಿಸಿದನು. ಸ್ವಪ್ನ ಮತ್ತು ಬಾಣ ಮುಂದಿನ ಶತಮಾನಗಳ ಕೃತಿಗಳಲ್ಲಿ ಬಂದು ಸೇರಿದವು. ಇದರಿಂದ ಕಥೆಯ ಬೆಲೆ ಕಡಿಮೆಯಾಯಿತೆಂದು ಕೆಲವರು ಭಾವಿಸುತ್ತಾರೆ, ವಾಸ್ತವವಾಗಿ ಹೆಚ್ಚಿತು. ದೇವತೆಯು ಹೇಳಿದುದಕ್ಕಾಗಿ ದಾರಿಯನ್ನು ಬಿಡುವುದು ಸುಲಭ. ಹಿರಿಯರ ಮಾತನ್ನು ಎಚ್ಚರದಲ್ಲಿ ಕೇಳಿ, ತನ್ನ ಹಂಬಲವು ಆಗದ ಮಾತೆಂದು ಒಪ್ಪಿ, ಎದುರಿಗಿದ್ದ ಬಂಡೆಯತ್ತ ತಿರುಗುವುದು ಕಷ್ಟ. ಹಾಗೆ ತಿರುಗಿದ ಹಂಬಲವೇ 981ರ ಸುಮಾರಿಗೆ 58 ಅಡಿಯ ಏಕಶಿಲೆಯಾಗಿ ನಿಂತಿತು.

ಅದೇ ಚಂದ್ರಗಿರಿಯಲ್ಲಿ ಇನ್ನೊಂದು ಪಯಣವೂ ನಿಂತಿದೆ. ಹನ್ನೆರಡು ವರ್ಷದ ಕ್ಷಾಮವನ್ನು ಮುಂದಾಗಿ ತಿಳಿದು ದಕ್ಷಿಣಕ್ಕೆ ಹೊರಟ ಭದ್ರಬಾಹು ಸ್ವಾಮಿಗಳು, ತಮ್ಮ ಆಯುಷ್ಯವು ಮುಗಿಯುತ್ತ ಬಂತೆಂದು ಅರಿತು ಸಂಘವನ್ನು ಮುಂದೆ ಕಳುಹಿಸಿ ಅಲ್ಲಿಯೇ ಸಮಾಧಿಮರಣವನ್ನು ಕೈಕೊಂಡರೆಂಬುದು ಪರಂಪರೆ.

ಈಗಲೂ ನಮ್ಮ ಮನೆಗಳಲ್ಲಿ ಕಾಳಲಾದೇವಿಯರಿದ್ದಾರೆ. ಸಮ್ಮೇದ ಶಿಖರದ ದರ್ಶನವಾಗುವವರೆಗೆ ತುಪ್ಪ ಬಿಟ್ಟವರು, ಸಕ್ಕರೆ ಬಿಟ್ಟವರು. ಅಲ್ಲಿ ಬೆಟ್ಟ ಹತ್ತಿ, ಟೋಂಕುಗಳನ್ನು ಸುತ್ತಿ ಇಳಿಯುವುದು 27 ಕಿಲೋಮೀಟರು. ಮಂಡಿ ಬಿದ್ದುಹೋದ ವೃದ್ಧೆಯರಿಗೆ ಅದು ಪೌದನಪುರವೇ. ಅವರ ಹಂಬಲವನ್ನು ಪೂರೈಸಲು ಮಕ್ಕಳು ಡೋಲಿ ಗೊತ್ತುಮಾಡಿ ಕರೆದೊಯ್ಯುವುದು ಮೆಚ್ಚತಕ್ಕದ್ದೇ. ಆದರೆ ಬಿಸಿಲೇರುವ ಮುನ್ನ ಮುಗಿಸಬೇಕೆಂದು ರಾತ್ರಿ ಎರಡು ಮೂರು ಗಂಟೆಗೇ ಕತ್ತಲಲ್ಲಿ ಹತ್ತಲು ಹೊರಡುವವರು ಕಾಲಡಿಯ ಜೀವಿಗಳನ್ನು ಕುರಿತು ಸ್ವಲ್ಪ ಯೋಚಿಸಬಾರದೆ? ತೀರ್ಥವನ್ನು ಮುಟ್ಟುವ ಆತುರದಲ್ಲಿ ಬೆಳಗನ್ನೇ ದಾಟಿ ನಡೆದಂತಾಗುತ್ತದೆ. ಇನ್ನು ಹೋಗಲಾಗದವರಿಗೆ ಮನೆಯವರು, ಪಾಪ, ವಯಸ್ಸಾಯಿತು, ಇನ್ನು ತುಪ್ಪ ತಿನ್ನಿ ಎಂದು ಒತ್ತಾಯಿಸುವುದುಂಟು. ಅದು ಕರುಣೆಯಂತೆ ಕಾಣುವ ಕ್ರೌರ್ಯ. ಶಿಖರವು ಅವರಿಗೆ ಸಿಗಲಿಲ್ಲ. ತುಪ್ಪದ ತ್ಯಾಗವಾದರೂ ಅವರದಾಗಿ ಉಳಿಯಲಿ. ಅನಾರೋಗ್ಯದಿಂದ ಬಿಡಲೇಬೇಕಾದರೆ ಗುರುಗಳ ಬಳಿ ಪ್ರಾಯಶ್ಚಿತ್ತದ ದಾರಿಯಿದೆ.

ಬೆಳಗೊಳದ ಕಥೆಗೆ ಇನ್ನೊಂದು ಭಾಗವುಂಟು. ಮೂರ್ತಿಗೆ ಮೊದಲ ಅಭಿಷೇಕ ನಡೆದಾಗ ಚಾವುಂಡರಾಯನು ಕೊಡಗಟ್ಟಲೆ ಹಾಲನ್ನು ಸುರಿಸಿದರೂ ಅದು ಪಾದದವರೆಗೆ ಇಳಿಯಲಿಲ್ಲ. ಗುಳ್ಳಕಾಯಿಯ ಚಿಪ್ಪಿನಲ್ಲಿ ಒಂದಿಷ್ಟು ಹಾಲು ತಂದಿದ್ದ ಬಡ ಮುದುಕಿಯೊಬ್ಬಳು ಅದನ್ನು ಎರೆಯಲು, ಹಾಲು ಪಾದವನ್ನು ತೊಳೆದು ಬೆಟ್ಟದ ಮೇಲಿಂದ ಕೆಳಕ್ಕೆ ಹರಿಯಿತೆನ್ನುತ್ತಾರೆ. ಗುಳ್ಳಕಾಯಜ್ಜಿಯ ಪ್ರತಿಮೆಯು ಗೊಮ್ಮಟನ ಬಾಗಿಲೆದುರು ಇಂದಿಗೂ ಇದೆ. ಮಗನ ದರ್ಪವು ಇಳಿದುದನ್ನು ಈ ಕಥೆ ಹೇಳುವವರೆಲ್ಲರೂ ವಿವರಿಸುತ್ತಾರೆ. ಅಷ್ಟು ಹಾಲು ಹರಿದ ಆ ದಿನ, ಹಾಲು ಬಿಟ್ಟಿದ್ದ ತಾಯಿಯು ಅದನ್ನು ಬಾಯಿಗೆ ತಂದುಕೊಂಡಳೋ ಇಲ್ಲವೋ, ಅದನ್ನು ಯಾರೂ ಕೇಳುವುದಿಲ್ಲ.