ಬಯಸಿದ ಏರು, ಬಯಸದ ಏರು

ಪ್ರಾಣಿಮಾತ್ರವೂ ಸುಖವನ್ನು ಬಯಸಿ ದುಃಖದಿಂದ ದೂರ ಸರಿಯುವುದೆಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ಕೊಡಗಿನ ದಾರಿಗಳಲ್ಲಿ ಕೆಲವು ವರ್ಷಗಳಿಂದ ಈ ಮಾತಿಗೆ ಅಪವಾದದಂತಿರುವ ನೋಟವೊಂದು ಕಾಣಬರುತ್ತಿದೆ. ಬೆಂಗಳೂರು ಮೈಸೂರುಗಳಿಂದ ಬಂದವರೂ ಜಿಲ್ಲೆಯ ತರುಣರೂ ಹಗುರವಾದ ಬೈಸಿಕಲ್ಲುಗಳನ್ನೇರಿ, ದಾರಿಯು ಎಲ್ಲಿ ಹೆಚ್ಚು ಕಡಿದಾಗಿರುವುದೋ ಅಲ್ಲಿಗೇ ಹುಡುಕಿಕೊಂಡು ಹೋಗುತ್ತಾರೆ. ಇವರಲ್ಲಿ ಹಲವರು ಮೋಟಾರು ಬಂಡಿಗಳನ್ನು ಉಳ್ಳವರು. ಇವರನ್ನು ಯಾರೂ ಅಟ್ಟುವುದಿಲ್ಲ. ಮೇಲೆ ಇವರಿಗಾಗಿ ಯಾವ ಸಂಪತ್ತೂ ಕಾದಿರುವುದಿಲ್ಲ. ಹೀಗೆ ತಾನಾಗಿ ವರಿಸಿಕೊಂಡ ಕ್ಲೇಶಕ್ಕೆ ಧರ್ಮದ ದೃಷ್ಟಿಯಿಂದ ಬೆಲೆಯುಂಟೆ, ಇಲ್ಲವೆ? ಪ್ರಶ್ನೆಯು ಆಟದ ವಿಷಯವಾಗಿ ತೋರಿದರೂ ವಿಚಾರಕ್ಕೆ ಅನರ್ಹವಾದುದಲ್ಲ.

ಮೊದಲು ದಾರಿಗಳ ಸ್ವರೂಪವನ್ನು ತಿಳಿಯಬೇಕು. ಪಾಲಿಬೆಟ್ಟವು ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಣ ಊರು. ಇಲ್ಲಿನ ದಾರಿಗಳು ಸಿಲ್ವರ್ ಓಕ್ ಮರಗಳ ಮತ್ತು ಮೆಣಸಿನ ಬಳ್ಳಿಗಳ ನೆರಳಿನಲ್ಲಿ ಏಳುತ್ತ ಬೀಳುತ್ತ ಸಾಗುವುವು. ಹೊಸಬನಿಗೆ ಇವು ಸೌಮ್ಯವಾಗಿ ತೋರುವುವು. ನಿಜವಾದ ಪರೀಕ್ಷೆಯಿರುವುದು ಸ್ವಲ್ಪ ದೂರದಲ್ಲಿ. ಅಮ್ಮತ್ತಿಯ ಮೇಲೆ ವಿರಾಜಪೇಟೆಗೆ ಹೋಗಿ, ಪೆರುಂಬಾಡಿಯನ್ನು ದಾಟಿದರೆ ಮಾಕುಟ್ಟದ ಕಾಡಿನ ದಾರಿಯು ಕೇರಳದ ಗಡಿಗೆ ಇಳಿಯುವುದು. ಇಳಿದವನು ಮನೆಗೆ ಮರಳಬೇಕಾದರೆ ಇಳಿದಷ್ಟನ್ನೂ ಏರಬೇಕು. ಸಿದ್ದಾಪುರದ ಮೇಲೆ ಮಡಿಕೇರಿಗೆ ಹೋದರೆ ಅದರಾಚೆಗೆ ಸಂಪಾಜೆಯ ಘಾಟಿ. ಸಂಪಾಜೆಯಿಂದ ಮಡಿಕೇರಿಗೆ ಬರುವವನು ಸುಮಾರು ೩೦ ಕಿಲೋಮೀಟರಿನೊಳಗೆ ಸಾವಿರ ಮೀಟರಿನಷ್ಟು ಮೇಲೇರಬೇಕು. ಪಶ್ಚಿಮದಲ್ಲಿ ನಾಪೋಕ್ಲು, ಭಾಗಮಂಡಲ. ಭಾಗಮಂಡಲದಿಂದ ೮ ಕಿಲೋಮೀಟರು ಏರಿದರೆ ೧೨೭೬ ಮೀಟರು ಎತ್ತರದ ತಲಕಾವೇರಿ.

ಈ ಏರುಗಳ ಶ್ರಮವನ್ನು ಲೆಕ್ಕದಲ್ಲಿಯೂ ಹೇಳಬಹುದು. ಸವಾರನೂ ಬೈಸಿಕಲ್ಲೂ ಕೂಡಿ ೮೦ ಕಿಲೋಗ್ರಾಂ ತೂಗುವರೆಂದು ಇಟ್ಟುಕೊಂಡರೆ, ಆ ಭಾರವನ್ನು ಸಾವಿರ ಮೀಟರು ಎತ್ತಲು ಸುಮಾರು ೧೯೦ ಕಿಲೋಕ್ಯಾಲರಿ ಶಕ್ತಿಯು ಬೇಕು. ದೇಹವು ಅನ್ನದಿಂದ ಪಡೆದ ಶಕ್ತಿಯಲ್ಲಿ ಕಾಲುಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸಿ ಉಳಿದುದನ್ನು ಶಾಖವಾಗಿ ಕಳೆಯುವುದರಿಂದ, ನಿಜವಾದ ವೆಚ್ಚವು ೭೫೦ಕ್ಕೆ ಏರುವುದು. ಎಷ್ಟು ಗೇರುಗಳಿದ್ದರೂ ಎತ್ತಬೇಕಾದ ಭಾರವೂ ಏರಬೇಕಾದ ಎತ್ತರವೂ ತಗ್ಗುವುದಿಲ್ಲ. ಗೇರು ಸಾಲವನ್ನು ಸಣ್ಣ ಕಂತುಗಳಲ್ಲಿ ತೀರಿಸಲು ಅವಕಾಶ ಕೊಡುವುದು, ಅಷ್ಟೆ.

ಇಲ್ಲಿ ಪೂರ್ವಪಕ್ಷವು ಹೀಗೆ ಏಳುವುದು. ಇಷ್ಟು ಸಾಲವನ್ನು ಬೇಡದಿರುವಾಗ ಮಾಡಿಕೊಳ್ಳುವುದೇಕೆ? ಪ್ರಯೋಜನವಿಲ್ಲದ ಪ್ರವೃತ್ತಿಯನ್ನು ಶಾಸ್ತ್ರಜ್ಞರು ಮೆಚ್ಚುವುದಿಲ್ಲ. ಹಿಂದೆ ಇದೇ ದಾರಿಗಳಲ್ಲಿ ಅಂಚೆಯವನು ಬೈಸಿಕಲ್ಲನ್ನು ತಳ್ಳಿಕೊಂಡು ಹತ್ತಿದನು, ಹಾಲಿನವನು ಕ್ಯಾನುಗಳನ್ನು ತೂಗುಹಾಕಿಕೊಂಡು ಹತ್ತಿದನು. ಅವರ ಬೈಸಿಕಲ್ಲುಗಳು ಇಪ್ಪತ್ತು ಕಿಲೋಗ್ರಾಮಿನಷ್ಟು ತೂಗುತ್ತಿದ್ದುವು, ಅವಕ್ಕೆ ಗೇರು ಒಂದೇ. ಅವರ ಬೆವರಿನಿಂದ ಒಂದು ಕಾಗದವು ಮನೆಯನ್ನು ಸೇರಿತು, ಒಂದು ಮಗುವಿಗೆ ಹಾಲು ದೊರೆಯಿತು. ಈಗಿನ ಸವಾರನಾದರೋ ಬರಿಗೈಯಲ್ಲಿ ಹತ್ತಿ ಬರಿಗೈಯಲ್ಲಿ ಇಳಿಯುವನು. ಉಂಡವನ ಏಕಾದಶಿಯನ್ನು ಕಂಡು ಅನ್ನವಿಲ್ಲದವನು ಏನೆಂದಾನು? ಇಬ್ಬರ ಹೊಟ್ಟೆಯೂ ಬರಿದೇ. ಆದರೆ ಒಬ್ಬನಿಗೆ ನಾಳೆ ಪಾರಣೆಯುಂಟು, ಮತ್ತೊಬ್ಬನಿಗೆ ನಾಳೆಯೂ ಏಕಾದಶಿ. ಬಡವನ ಕಷ್ಟವನ್ನು ಉಳ್ಳವನು ವಿನೋದಕ್ಕಾಗಿ ಎರವಲು ಪಡೆಯುವುದು ಸಭ್ಯತೆಯೆ?

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಸವಾರರ ಪಕ್ಷದವರು ಕೊಡುವ ಉತ್ತರವು, ಇದು ತಪಸ್ಸೆಂಬುದು. ಸಮಸ್ಥಳದಲ್ಲಿ ಬದುಕಿ ಮೃದುವಾದ ದೇಹವೂ ಚಂಚಲವಾದ ಮನಸ್ಸೂ ಏರಿನಲ್ಲಿ ಒಂದಾಗುವುವೆಂದೂ, ಉಸಿರನ್ನೂ ಹೆಜ್ಜೆಯನ್ನೂ ಬಿಟ್ಟು ಬೇರೆ ಚಿಂತೆಯು ಅಲ್ಲಿ ಉಳಿಯದೆಂದೂ ಅವರು ಹೇಳುವರು. ಇದು ಸುಳ್ಳಲ್ಲ. ಆದರೆ ತಪಸ್ಸೆಂದ ಮಾತ್ರಕ್ಕೆ ವಾದವು ಮುಗಿಯಲಿಲ್ಲ. ತಪಸ್ಸಿನಲ್ಲಿಯೂ ಮೂರು ಬಗೆಗಳಿರುವುವೆಂದು ಗೀತೆಯ ಹದಿನೇಳನೆಯ ಅಧ್ಯಾಯವು ವಿಂಗಡಿಸಿದೆ. ಫಲವನ್ನು ಬಯಸದೆ ಶ್ರದ್ಧೆಯಿಂದ ಮಾಡಿದುದು ಒಂದು, ಮನ್ನಣೆಗಾಗಿ ತೋರಿಕೆಗಾಗಿ ಮಾಡಿದುದು ಇನ್ನೊಂದು, ಮೂಢವಾದ ಹಟದಿಂದ ತನ್ನನ್ನೋ ಪರರನ್ನೋ ಪೀಡಿಸುವುದು ಮೂರನೆಯದು. ಆದುದರಿಂದ ಕೇಳಬೇಕಾದುದು, ಸವಾರನು ಎಷ್ಟು ಎತ್ತರ ಏರಿದನೆಂಬುದನ್ನಲ್ಲ, ಯಾವ ಬುದ್ಧಿಯಿಂದ ಏರಿದನೆಂಬುದನ್ನು.

ಪಶ್ಚಿಮ ದೇಶಗಳಲ್ಲಿಯೂ ಈ ವಿವೇಚನೆಯು ನಡೆದಿದೆ. ಫ್ರಾನ್ಸಿನಲ್ಲಿ ೧೯೦೩ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಎಂಬ ಪಂದ್ಯವನ್ನು ೧೯೧೦ರಲ್ಲಿ ಪಿರನೀಸ್ ಪರ್ವತಗಳ ಮೇಲೆ, ೨೧೧೫ ಮೀಟರು ಎತ್ತರದ ಟುರ್ಮಲೇ ಕಣಿವೆಯ ಮೂಲಕ ಒಯ್ದರು. ಆ ವರ್ಷ ಗೆದ್ದ ಆಕ್ಟಾವ್ ಲಾಪೀಝನೇ ಆ ಏರುಗಳ ನಡುವೆ ಪಂದ್ಯದ ವ್ಯವಸ್ಥಾಪಕರನ್ನು ಕೊಲೆಗಾರರೆಂದು ಬೈದನೆಂದು ಪ್ರಸಿದ್ಧಿಯಿದೆ. ಆ ಪಂದ್ಯವನ್ನು ಕಟ್ಟಿದ ಆನ್ರಿ ದೆಗ್ರಾಂಜನು ಗೇರು ಬದಲಿಸುವ ಯಂತ್ರವನ್ನು ಪೌರುಷಕ್ಕೆ ಕುಂದೆಂದು ಬಗೆದವನು. ೧೯೩೭ರವರೆಗೂ ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಅದೇ ದೇಶದ ಸಾಂತ್ ಎತಿಯೆನ್ ನಗರದಲ್ಲಿ ಪಾಲ್ ದ ವಿವಿ ಎಂಬ ಇನ್ನೊಬ್ಬನಿದ್ದನು. ವೆಲೋಸಿಯೋ ಎಂಬ ಹೆಸರಿನಿಂದ ಬರೆಯುತ್ತಿದ್ದ ಇವನು ೧೯೩೦ರಲ್ಲಿ ತೀರಿಕೊಂಡನು. ಗೇರುಗಳ ಪರವಾಗಿ ಜೀವಮಾನವೆಲ್ಲ ವಾದಿಸಿದವನು ಇವನು. ಸವಾರರಿಗಾಗಿ ಇವನು ವಿಧಿಸಿದ ಏಳು ನಿಯಮಗಳಲ್ಲಿ ಹೆಚ್ಚಿನವು ಊಟ, ನೀರು, ವಿಶ್ರಾಂತಿಗಳಿಗೆ ಸೇರಿದುವು. ಕೊನೆಯದೊಂದು ಮಾತ್ರ ಬೇರೆ ಜಾತಿಯದು: ಅಭಿಮಾನಕ್ಕಾಗಿ ಎಂದಿಗೂ ತುಳಿಯಬಾರದೆಂಬುದು. ದೆಗ್ರಾಂಜನಿಗೆ ಕ್ಲೇಶವೇ ಬೆಲೆಯಾಗಿತ್ತು. ವೆಲೋಸಿಯೋವಿಗೆ ಕ್ಲೇಶವು ದಾರಿಯಲ್ಲಿ ಬರುವ ಒಂದು ಸಂಗತಿಯಾಗಿತ್ತು. ಇಬ್ಬರಲ್ಲಿ ಎರಡನೆಯವನೇ ಶಾಸ್ತ್ರಕ್ಕೆ ಹತ್ತಿರದವನು.

ಈಗಿನ ಕಾಲದಲ್ಲಿ ಈ ನಿಯಮವನ್ನು ಪಾಲಿಸುವುದು ಮೊದಲಿಗಿಂತ ಕಷ್ಟವಾಗಿದೆ. ಸವಾರನ ಕೈಗಡಿಯಾರವೇ ಅವನು ಏರಿದ ಎತ್ತರವನ್ನು ಅಳೆದು ಲೋಕಕ್ಕೆಲ್ಲ ಸಾರುವುದು. ಒಂದೇ ಗುಡ್ಡವನ್ನು ಮತ್ತೆ ಮತ್ತೆ ಹತ್ತಿಳಿದು ಎವರೆಸ್ಟಿನ ೮೮೪೮ ಮೀಟರುಗಳನ್ನು ಕೂಡಿಸುವ ವ್ರತವೂ ಹುಟ್ಟಿದೆ. ಸಂಪಾಜೆಯ ಘಾಟಿಯಲ್ಲಾದರೆ ಒಂಬತ್ತು ಸಾರಿ ಹತ್ತಬೇಕಾದೀತು. ಇದಕ್ಕೆ ಪ್ರತಿಯಾಗಿ ಬ್ರೆವೆ ಎಂಬ ದೂರದ ಸವಾರಿಗಳ ಪದ್ಧತಿಯು ಭಾರತದಲ್ಲಿಯೂ ಬೇರೂರಿದೆ. ೨೦೦ ಕಿಲೋಮೀಟರುಗಳನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಕೆಟ್ಟ ಚಕ್ರವನ್ನು ತಾನೇ ಸರಿಪಡಿಸಿಕೊಳ್ಳಬೇಕು. ವೇಳೆಯೊಳಗೆ ಮುಗಿಸಿದವರಲ್ಲಿ ಮೊದಲಿಗನೆಂದೂ ಕೊನೆಯವನೆಂದೂ ಭೇದವಿಲ್ಲ. ಪಂಕ್ತಿಭೇದವಿಲ್ಲದ ಈ ಊಟವು ಸತ್ತ್ವಕ್ಕೆ ಸಮೀಪವಾದುದು.

ಇನ್ನು ಸಿದ್ಧಾಂತವನ್ನು ಹೇಳಬಹುದು. ಬಯಸಿ ಪಡೆದ ಕ್ಲೇಶವು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ, ಅದೊಂದು ಪಾಠಶಾಲೆ. ಶಾಲೆಗೆ ಹೋದ ಮಾತ್ರಕ್ಕೆ ಯಾರೂ ವಿದ್ವಾಂಸರಾಗರು. ಕಲಿತುದು ಏನೆಂಬುದನ್ನು ಎರಡು ಕಡೆಗಳಲ್ಲಿ ಪರೀಕ್ಷಿಸಬೇಕು.

ಮೊದಲನೆಯದು, ಹಿಂತಿರುಗುವ ಶಕ್ತಿ. ೨೦೧೮ರ ಆಗಸ್ಟಿನ ಮಹಾವೃಷ್ಟಿಯಲ್ಲಿ ಜೋಡುಪಾಲ ಮದೆನಾಡುಗಳ ಬಳಿ ಗುಡ್ಡಗಳು ಜರಿದು ಸಂಪಾಜೆಯ ದಾರಿಯೇ ಮುರಿಯಿತು. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿಯ ಇಳಿಜಾರು ಕುಸಿದು ಅರ್ಚಕರ ಮನೆಯನ್ನು ಒಯ್ದಿತು. ಇಂಥ ನೆಲದಲ್ಲಿ ಮುಂಗಾರಿನ ದಿನ ಹೊರಟವನು ಮೋಡವನ್ನು ನೋಡಿ ಅರ್ಧದಾರಿಯಲ್ಲಿ ಮರಳಬಲ್ಲನಾದರೆ ಅವನ ಸಂಕಲ್ಪವು ಅವನ ವಶದಲ್ಲಿದೆ. ಮರಳಲಾರನಾದರೆ ಅವನೇ ಸಂಕಲ್ಪದ ವಶದಲ್ಲಿರುವನು. ಅವನು ಬಿದ್ದರೆ ಕೊರಕಲಿಗಿಳಿದು ಅವನನ್ನು ಎತ್ತಿತರಬೇಕಾದವರು ಆ ಊರಿನವರು. ತನ್ನ ವ್ರತದ ವೆಚ್ಚವನ್ನು ಪರರ ಮೇಲೆ ಹೊರಿಸುವುದು ಮೂರನೆಯ ಬಗೆಯ ತಪಸ್ಸೇ ಸರಿ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಪಾಲಿಬೆಟ್ಟದಿಂದ ಸಿದ್ದಾಪುರದ ಕಡೆಗೆ ಬೆಳಗಿನ ಜಾವದ ಮಂಜಿನಲ್ಲಿ ಹೊರಟ ಸವಾರನೊಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. ಈ ಸೀಮೆಯ ತೋಟಗಳಲ್ಲಿ ಕಾಡಾನೆಗಳು ಬಂದು ನೆಲಸಿವೆ. ತೋಟದ ಕೆಲಸಕ್ಕೆ ನಡೆದುಹೋಗುವಾಗ ಅವುಗಳ ಕಾಲಿಗೆ ಸಿಕ್ಕಿ ಸತ್ತ ಕೂಲಿಕಾರರುಂಟು. ಏರಿನ ತಿರುವಿನಲ್ಲಿ ಸವಾರನಿಗೆ ಬುತ್ತಿಯ ಡಬ್ಬಿಯನ್ನು ಹಿಡಿದ ಹೆಂಗಸೊಬ್ಬಳು ಎದುರಾಗುವಳು. ಮಂಜು ಒಂದೇ, ಏರು ಒಂದೇ, ಆನೆಯೂ ಒಂದೇ. ಅವನು ಬೇಡವೆಂದರೆ ಈ ದಿನ ಮನೆಯಲ್ಲಿ ಮಲಗಿರಬಹುದಾಗಿತ್ತು. ಅವಳು ಮಲಗಿದ್ದರೆ ಈ ದಿನದ ಕೂಲಿಯಿಲ್ಲ. ಅವನ ಬೈಸಿಕಲ್ಲಿನ ಬೆಲೆಯು ಅವಳ ಹಲವು ತಿಂಗಳ ದುಡಿಮೆ.

ಇಲ್ಲಿಯೇ ಪೂರ್ವಪಕ್ಷಕ್ಕೆ ಉತ್ತರವಿರುವುದು. ಮೋಟಾರಿನೊಳಗೆ ಕುಳಿತು ಹೋಗುವವನಿಗೆ ಆ ಏರು ಏರೇ ಅಲ್ಲ. ಅವಳು ಏದುಸಿರು ಬಿಡುವುದು ಅವನ ಕಣ್ಣಿಗೆ ಬೀಳದು. ಸವಾರನಿಗಾದರೋ ಆ ಏರಿನ ಪ್ರತಿಯೊಂದು ಮೊಳವೂ ತನ್ನ ತೊಡೆಯಲ್ಲಿ ಲೆಕ್ಕವಾಗಿರುವುದು. ಉಂಡವನು ಏಕಾದಶಿಯ ಮರುದಿನ ಹಸಿದವನಿಗೆ ಮೊದಲು ಬಡಿಸಿದನಾದರೆ ಅವನ ಉಪವಾಸವು ವ್ಯರ್ಥವಾಗಲಿಲ್ಲ. ಹಾಗೆಯೇ ತಾನಾಗಿ ಏರಿದವನು, ಏರಲೇಬೇಕಾದವರ ಉಸಿರನ್ನು ಗುರುತಿಸಬಲ್ಲವನಾದರೆ, ಕೂಲಿಯ ವಿಚಾರ ಬಂದಾಗ, ಕೆಲಸಕ್ಕೆ ಹೋಗುವವರಿಗೊಂದು ಬಂಡಿಯನ್ನು ಏರ್ಪಡಿಸುವ ವಿಚಾರ ಬಂದಾಗ, ಆ ಉಸಿರನ್ನು ನೆನೆಯಬಲ್ಲವನಾದರೆ, ಅವನ ೭೫೦ ಕಿಲೋಕ್ಯಾಲರಿಗಳು ವ್ಯಯವಾದುವೆಂದು ಯಾರೂ ಹೇಳಲಾರರು. ಆ ಗುರುತು ಹುಟ್ಟದಿದ್ದರೆ ಅವನು ಏರಿದುದು ಬರಿಯ ಮಣ್ಣಿನ ರಾಶಿ.

ತುಲಾ ಸಂಕ್ರಮಣದ ದಿನ ಭಾಗಮಂಡಲದಿಂದ ತಲಕಾವೇರಿಗೆ ನಡೆದು ಹತ್ತುವ ಭಕ್ತರೂ ಬಯಸಿಯೇ ಏರುವವರು. ಅವರು ಮೇಲಿನಿಂದ ತರುವುದು ಒಂದು ಪಾತ್ರೆಯಷ್ಟು ತೀರ್ಥ. ಅದನ್ನು ಅವರು ತಾವೊಬ್ಬರೇ ಕುಡಿಯುವುದಿಲ್ಲ. ಬರಲಾರದೆ ಮನೆಯಲ್ಲಿ ಉಳಿದ ಮುದುಕರಿಗೂ ರೋಗಿಗಳಿಗೂ ಕೊಡುವರು. ಬೈಸಿಕಲ್ಲಿನ ಸವಾರನೂ ಬರಿಗೈಯಲ್ಲಿ ಇಳಿಯಬೇಕಾಗಿಲ್ಲ.